ವಿಮೆ ಇಲ್ಲದೆ ಪಿಸಿಓಎಸ್ ನೋಡಿಕೊಳ್ಳುವುದು ಹೇಗೆ? ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರಲ್ಲ. ನನಗೂ ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ಅಂಡಾಶಯದ ತೊಂದರೆ) ಇದೆ, ಇರುವುದು ಹಾಸನದಲ್ಲಿ, ಆರೋಗ್ಯ ವಿಮೆ ಅಂತ ಯಾವುದೂ ಇಲ್ಲ. ಬೇಲೂರು, ಸಕಲೇಶಪುರ, ಮೂಡಿಗೆರೆ, ಕಡೂರು, ಅರಸೀಕೆರೆ ಕಡೆಯ ಗೆಳತಿಯರು, ಅವರ ಅಕ್ಕತಂಗಿಯರು, ಅಮ್ಮಂದಿರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅದಕ್ಕೇ ಎಲ್ಲ ಒಂದು ಕಡೆ ಬರೆದಿದ್ದೇನೆ. ಮಾತ್ರೆ ಯಾವುದು, ಎಷ್ಟು ಅನ್ನುವುದನ್ನು ನಿಮ್ಮನ್ನು ನೋಡಿದ ಡಾಕ್ಟರೇ ಹೇಳಬೇಕು. ಏನು ಕೇಳಬೇಕು, ಎಲ್ಲಿ ದುಡ್ಡು ಉಳಿಸಬಹುದು, ಎಲ್ಲಿ ಉಳಿಸಬಾರದು ಅನ್ನುವುದು ಇಲ್ಲಿದೆ.

ವಿಮೆ ಇಲ್ಲ ಅಂದ್ರೆ ಚಿಕಿತ್ಸೆ ನಮ್ಮ ಕೈಲಿ ಆಗಲ್ಲ ಅಂತಲಾ?

ಅಲ್ಲ. ಮೊದಲು ಈ ಭಯ ಬಿಡಿ. ನಮ್ಮ ದೇಶದಲ್ಲಿ ಹೆಚ್ಚಿನ ಆರೋಗ್ಯ ವಿಮೆಗಳು ದುಡ್ಡು ಕೊಡುವುದು ಆಸ್ಪತ್ರೆಗೆ ಅಡ್ಮಿಟ್ ಆದಾಗ. ಪಿಸಿಓಎಸ್‌ಗೆ ಅಡ್ಮಿಟ್ ಆಗುವ ಪ್ರಮೇಯವೇ ಕಡಿಮೆ. ಡಾಕ್ಟರ್ ಫೀಸು, ರಕ್ತ ಪರೀಕ್ಷೆ, ತಿಂಗಳ ಮಾತ್ರೆ, ಖರ್ಚು ಇಷ್ಟೇ. ಇದೆಲ್ಲ ಹೊರರೋಗಿ ಖರ್ಚು. ವಿಮೆ ಇದ್ದ ನನ್ನ ಗೆಳತಿಯರೂ ಇದನ್ನು ಕೈಯಿಂದಲೇ ಕೊಡುತ್ತಿದ್ದಾರೆ.

ಇನ್ನೊಂದು ಮಾತು. ಈ ಕಾಯಿಲೆಗೆ ನಿಜವಾಗಿ ಕೆಲಸ ಮಾಡುವ ಔಷಧಗಳು ಹಳೆಯವು, ಅಗ್ಗದವು. ಜೇಬು ಖಾಲಿ ಮಾಡುವುದು ಬೇರೆಯವು: ಬೇಡದ ಹಾರ್ಮೋನ್ ಪ್ಯಾಕೇಜು, ತಿಂಗಳು ತಿಂಗಳು ಸ್ಕ್ಯಾನಿಂಗು, ಪುಡಿ, ಸ್ಯಾಚೆಟ್, "90 ದಿನದಲ್ಲಿ ಗುಣ" ಅನ್ನುವ ಕಿಟ್ಟು. ಅದಷ್ಟನ್ನು ಬಿಟ್ಟರೆ ಉಳಿಯುವುದು ದಿನಗೂಲಿ ಮಾಡುವ ಮನೆಯವರೂ ನಿಭಾಯಿಸಬಹುದಾದ ಖರ್ಚು.

ನನಗಿರೋದು ಪಿಸಿಓಎಸ್ಸೇ ಅಂತ ಹೇಗೆ ಗೊತ್ತಾಗುತ್ತೆ?

ದೊಡ್ಡವರಲ್ಲಿ ಮೂರು ವಿಷಯ ನೋಡುತ್ತಾರೆ. ಮುಟ್ಟು ಸರಿಯಾಗಿ ಆಗದಿರುವುದು ಒಂದು. ಗಂಡು ಹಾರ್ಮೋನ್ ಜಾಸ್ತಿ ಇರುವುದು ಇನ್ನೊಂದು: ಗಲ್ಲ, ಮೇಲ್ತುಟಿ, ಹೊಟ್ಟೆ ಮೇಲೆ ದಪ್ಪ ಕೂದಲು, ಹೋಗದ ಮೊಡವೆ, ಅಥವಾ ರಕ್ತ ಪರೀಕ್ಷೆಯಲ್ಲಿ ಟೆಸ್ಟೊಸ್ಟೆರಾನ್ ಹೆಚ್ಚು ಬರುವುದು. ಮೂರನೆಯದು ಸ್ಕ್ಯಾನಿಂಗಿನಲ್ಲಿ ಅಂಡಾಶಯದ ತುಂಬ ಸಣ್ಣ ಸಣ್ಣ ಗುಳ್ಳೆ ಕಾಣುವುದು. ಮೂರರಲ್ಲಿ ಎರಡು ಇದ್ದರೆ ಪಿಸಿಓಎಸ್. 2003ರಿಂದ ಜಗತ್ತಿನ ಹೆಚ್ಚಿನ ಡಾಕ್ಟರುಗಳು ನೋಡುತ್ತಿರುವುದು ಹೀಗೇ. ರಿಪೋರ್ಟಿನಲ್ಲಿ ಪಿಸಿಓಡಿ ಅಂತ ಬರೆದಿದ್ದರೂ ನಮ್ಮ ಕಡೆ ಸಾಮಾನ್ಯವಾಗಿ ಹೇಳುವುದು ಇದನ್ನೇ.

ಅಂದರೆ ಬರೀ ಸ್ಕ್ಯಾನಿಂಗಿನಲ್ಲಿ ಗುಳ್ಳೆ ಕಂಡಿತು, ಮುಟ್ಟು ಸರಿಯಾಗಿದೆ, ಕೂದಲು ಮೊಡವೆ ಏನೂ ಇಲ್ಲ ಅಂದರೆ ಅದು ಪಿಸಿಓಎಸ್ ಅಲ್ಲ. ಹೊಟ್ಟೆನೋವಿಗೆ ಅಂತ ಸ್ಕ್ಯಾನ್ ಮಾಡಿಸಿ, ಅದರಲ್ಲಿ ಇದೊಂದು ಸಾಲು ನೋಡಿ ವರ್ಷಗಟ್ಟಲೆ ಹೆದರಿಕೊಂಡಿರುವವರು ತುಂಬ ಜನ ಇದ್ದಾರೆ.

ಯಾವ ಟೆಸ್ಟ್ ಮಾಡಿಸಬೇಕು? ಲ್ಯಾಬ್‌ನವರು ದೊಡ್ಡ ಪ್ಯಾಕೇಜ್ ಹೇಳ್ತಾರೆ.

ದುಡ್ಡು ಜಾಸ್ತಿ ಸೋರುವುದು ಇಲ್ಲೇ. ಅದಕ್ಕೆ ಬಿಡಿಸಿ ಹೇಳುತ್ತೇನೆ.

ಮುಟ್ಟು ತಪ್ಪುತ್ತಿದೆ, ಜೊತೆಗೆ ಮುಖದ ಮೇಲೆ ದಪ್ಪ ಕೂದಲು ಕಣ್ಣಿಗೆ ಕಾಣುವಷ್ಟಿದೆ ಅಂದರೆ ಎರಡು ಲಕ್ಷಣ ಸಿಕ್ಕಂತಾಯಿತು. ಪಿಸಿಓಎಸ್ ಅಂತ ಹೇಳುವುದಕ್ಕೆ ಸ್ಕ್ಯಾನಿಂಗೇ ಬೇಕಿಲ್ಲ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಆದರೆ ಇದೇ ಥರ ಕಾಣುವ ಬೇರೆ ತೊಂದರೆಗಳಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಅದಕ್ಕೆ ಥೈರಾಯ್ಡಿನ ಟಿಎಸ್‌ಎಚ್ ಮತ್ತು ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನಿನ ಪರೀಕ್ಷೆ. ಮದುವೆಯಾದವರಿಗೆ, ಸಂಬಂಧದಲ್ಲಿರುವವರಿಗೆ ಗರ್ಭದ ಪರೀಕ್ಷೆ ಎಲ್ಲಕ್ಕಿಂತ ಮೊದಲು. ಅನುಮಾನ ಇದ್ದರೆ ಡಾಕ್ಟರ್ 17-ಹೈಡ್ರಾಕ್ಸಿ ಪ್ರೊಜೆಸ್ಟರಾನ್ ಅನ್ನುವ ಇನ್ನೊಂದನ್ನು ಬರೆಯಬಹುದು. ಕೂದಲು, ಮೊಡವೆ ಕಾಣದಿದ್ದರೆ ಟೆಸ್ಟೊಸ್ಟೆರಾನ್ ನೋಡಬೇಕಾಗುತ್ತದೆ. ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿರುವಾಗ ಹಾರ್ಮೋನ್ ಪರೀಕ್ಷೆ ಮಾಡಿಸಿದರೆ ರಿಪೋರ್ಟು ದಾರಿ ತಪ್ಪಿಸುತ್ತದೆ, ದುಡ್ಡು ದಂಡ.

ಬಿಡಬಾರದ ಪರೀಕ್ಷೆ ಅಂದರೆ ಶುಗರ್. ಪಿಸಿಓಎಸ್ ಇರುವವರಿಗೆ ಚಿಕ್ಕ ವಯಸ್ಸಿಗೇ ಶುಗರ್ ಬರುವ ಸಾಧ್ಯತೆ ಜಾಸ್ತಿ, ಅದರಲ್ಲೂ ನಮ್ಮ ಭಾರತೀಯರಿಗೆ. ತೆಳ್ಳಗಿದ್ದೇನೆ ಅಂತ ಬಿಡುವ ಹಾಗಿಲ್ಲ. ಒಳ್ಳೆಯದು 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ. ಖಾಲಿ ಹೊಟ್ಟೆಯಲ್ಲಿ ಒಂದು ಸಲ ರಕ್ತ, ಗ್ಲೂಕೋಸ್ ನೀರು ಕುಡಿದು ಎರಡು ಗಂಟೆಗೆ ಇನ್ನೊಂದು ಸಲ. ಅದು ಆಗದಿದ್ದರೆ ಖಾಲಿ ಹೊಟ್ಟೆಯ ಶುಗರ್ ಅಥವಾ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ. 1ರಿಂದ 3 ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು. ಹಳ್ಳಿಯಿಂದ ಬರುವವರು ಮೊದಲ ಬಸ್ಸಿಗೇ ಹೊರಡಿ, ತಿಂಡಿ ಡಬ್ಬಿಯಲ್ಲಿರಲಿ, ಎರಡನೇ ಸಲ ರಕ್ತ ಕೊಟ್ಟ ಮೇಲೆ ತಿನ್ನಿ. ಇದರ ಜೊತೆ ಒಂದು ಸಲ ಕೊಲೆಸ್ಟರಾಲ್, ವರ್ಷಕ್ಕೊಮ್ಮೆ ಬಿಪಿ.

ಬೇಡದ್ದು ಯಾವುದು? ಇನ್ಸುಲಿನ್ ಮಟ್ಟ ನೋಡುವ ಪರೀಕ್ಷೆಯಿಂದ ಚಿಕಿತ್ಸೆ ಏನೂ ಬದಲಾಗುವುದಿಲ್ಲ. ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನುಗಳು ಎಷ್ಟಕ್ಕೆಷ್ಟು ಅನ್ನುವ ಲೆಕ್ಕ ರೋಗ ಗುರುತಿಸಲು ಬೇಕಿಲ್ಲ. ಎಎಂಎಚ್ ಅನ್ನುವ ರಕ್ತ ಪರೀಕ್ಷೆ ದೊಡ್ಡವರಲ್ಲಿ ಸ್ಕ್ಯಾನಿಂಗಿನ ಬದಲು ಮಾಡಬಹುದಾದ್ದು, ಸ್ಕ್ಯಾನಿಂಗಿನ ಜೊತೆಗೆ ಅಲ್ಲ. "ಈ ಟೆಸ್ಟಿನ ರಿಪೋರ್ಟ್ ಬಂದರೆ ನನ್ನ ಔಷಧಿ ಏನಾದರೂ ಬದಲಾಗುತ್ತಾ ಡಾಕ್ಟ್ರೇ?" ಅಂತ ಕೇಳಿ. ಇದನ್ನು ಕೇಳುವುದು ತಪ್ಪಲ್ಲ. ಒಳ್ಳೆಯ ಡಾಕ್ಟರಿಗೆ ಸಿಟ್ಟೂ ಬರಲ್ಲ.

ಮೊದಲು ಯಾರ ಹತ್ತಿರ ಹೋಗಲಿ?

ಹಾಸನದಲ್ಲಾದರೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಅಂದರೆ ಹಿಮ್ಸ್. ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾಸ್ಪತ್ರೆ. ಸ್ತ್ರೀರೋಗ ವಿಭಾಗದ ಹೊರರೋಗಿ ಚೀಟಿ ಮಾಡಿಸಿ. ದೂರದವರು ತಾಲ್ಲೂಕು ಆಸ್ಪತ್ರೆಯಲ್ಲಿ ಶುರು ಮಾಡಬಹುದು. ಬಿಪಿ, ಶುಗರ್ ನೋಡಿಸಲು ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಪೇಟೆಯಲ್ಲಿರುವ "ನಮ್ಮ ಕ್ಲಿನಿಕ್" ಅನ್ನುವ ಸರ್ಕಾರಿ ಕ್ಲಿನಿಕ್ ಸಾಕು. ಆಧಾರ್, ರೇಷನ್ ಕಾರ್ಡ್ ಎರಡರ ಜೆರಾಕ್ಸ್ ಚೀಲದಲ್ಲೇ ಇರಲಿ.

ಬಸ್ ಚಾರ್ಜಿನ ಚಿಂತೆ ಇಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿಗೆ ನಮಗೆ ಟಿಕೆಟ್ ದುಡ್ಡಿಲ್ಲ. ಆದರೆ ಚಿಕ್ಕಮಗಳೂರು ಮಲೆನಾಡಿನ ಒಳಗಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಕೊಡಲೇಬೇಕು. ಅಲ್ಲಿಂದ ಬರುವವರು ಡಾಕ್ಟರ್, ರಕ್ತ, ಬಿಪಿ ಎಲ್ಲವನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳಿ.

ಸರ್ಕಾರಿ ಆಸ್ಪತ್ರೆಯಲ್ಲಿ ಕ್ಯೂ ಇರುತ್ತದೆ, ನಿಜ. ಡಾಕ್ಟರ್ ಎದುರು ಸಿಗುವುದು ಐದು ನಿಮಿಷ. ಆ ಐದು ನಿಮಿಷಕ್ಕೆ ತಯಾರಾಗಿ ಹೋಗಿ. ನಮ್ಮ ಮನೆಗಳಲ್ಲಿ ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೇವಲ್ಲ, ಅದೇ ಚೌಕದ ಮೂಲೆಯಲ್ಲಿ ಮುಟ್ಟಾದ ದಿನಕ್ಕೆ ಒಂದು ಸಣ್ಣ ಚುಕ್ಕೆ ಇಡಿ, ನಿಂತ ದಿನಕ್ಕೆ ಇನ್ನೊಂದು. ಹೋಗುವಾಗ ಆರು ತಿಂಗಳ ಹಾಳೆಯ ಫೋಟೋ ತೆಗೆದುಕೊಂಡು ಹೋಗಿ. "ಸರಿಯಾಗಿ ಆಗಲ್ಲ ಡಾಕ್ಟ್ರೇ" ಅನ್ನುವುದಕ್ಕಿಂತ ಆ ಫೋಟೋ ನೋಡಿದರೆ ಅವರಿಗೆ ಬೇಗ ಅರ್ಥವಾಗುತ್ತದೆ.

ಮಗಳಿಗೆ 14 ವರ್ಷ. ಎರಡು ತಿಂಗಳಿಗೊಮ್ಮೆ ಆಗುತ್ತೆ. ಪಿಸಿಓಎಸ್ ಇರಬಹುದಾ?

ಮೈನೆರೆದು ಎಷ್ಟು ದಿನವಾಯಿತು ಅನ್ನುವುದರ ಮೇಲಿದೆ. ಮೊದಲ ವರ್ಷ ಹಿಂದೆ ಮುಂದೆ ಆಗುವುದು ಸಹಜ. ಒಂದರಿಂದ ಮೂರು ವರ್ಷದ ಒಳಗಾದರೆ 21ರಿಂದ 45 ದಿನದ ಅಂತರ ಸರಿ. ಮೂರು ವರ್ಷ ಕಳೆದ ಮೇಲೆ 35 ದಿನ ದಾಟಬಾರದು. ಒಂದು ವರ್ಷದ ನಂತರ ಯಾವಾಗಲಾದರೂ 90 ದಿನ ಮುಟ್ಟು ಆಗದೇ ಹೋದರೆ, ಅಥವಾ 15 ತುಂಬಿದರೂ ಮೈನೆರೆಯದಿದ್ದರೆ ಡಾಕ್ಟರಿಗೆ ತೋರಿಸಿ.

ಈ ವಯಸ್ಸಿನವರಿಗೆ ಪಿಸಿಓಎಸ್ ಗುರುತಿಸಲು ಸ್ಕ್ಯಾನಿಂಗ್ ಮಾಡಿಸಬೇಡಿ. ಮೈನೆರೆದು 8 ವರ್ಷದ ತನಕ ಆರೋಗ್ಯವಾಗಿರುವ ಹುಡುಗಿಯರ ಅಂಡಾಶಯವೂ ಹಾಗೇ ಕಾಣಬಹುದು. ಸುಮ್ನೆ ಒಂದು ಹಣೆಪಟ್ಟಿ ಅಂಟುತ್ತದೆ, ಆಮೇಲೆ ಮದುವೆ ಮಾತಿನ ಹೊತ್ತಿಗೆ ಅದೇ ದೊಡ್ಡದಾಗುತ್ತದೆ. 10ರಿಂದ 19 ವಯಸ್ಸಿನವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ, ಅಲ್ಲಿ ಆಪ್ತಸಮಾಲೋಚಕರು ಮಗಳ ಜೊತೆ ಮಾತಾಡುತ್ತಾರೆ. ಅಮ್ಮಂದಿರು ಸ್ವಲ್ಪ ಹೊತ್ತು ಹೊರಗೆ ಕೂತರೆ ಮಕ್ಕಳು ಜಾಸ್ತಿ ಮಾತಾಡುತ್ತಾರೆ.

ನಮಗೆ ಗೊತ್ತಿಲ್ಲದ ಯೋಜನೆ ಏನಾದರೂ ಇದೆಯಾ?

ಇದೆ. ಯಾವುದು ಎಷ್ಟಕ್ಕೆ ಉಪಯೋಗ ಅಂತ ತಿಳಿದಿರಲಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಅದು ಅಡ್ಮಿಟ್ ಆಗುವ ಚಿಕಿತ್ಸೆಗೆ. ನಿಮ್ಮ ತಿಂಗಳ ಮಾತ್ರೆಗೆ ಸಿಗದು. ಆದರೂ ಕಾರ್ಡ್ ಮಾಡಿಸಿಡಿ, ಮುಂದೆ ಏನು ಬರುತ್ತದೋ ಗೊತ್ತಿಲ್ಲವಲ್ಲ. ಯಶಸ್ವಿನಿಯೂ ಇದೇ ಥರ. ಮನೆಯಲ್ಲಿ ಯಾರಾದರೂ ಹಾಲಿನ ಸೊಸೈಟಿ ಸದಸ್ಯರಿದ್ದರೆ ಕಾರ್ಯದರ್ಶಿಯನ್ನು ಕೇಳಿ. 2022ರಲ್ಲಿ ಮತ್ತೆ ಶುರುವಾದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಇತ್ತು. ನೋಂದಣಿಗೆ ಕೊನೆ ದಿನ ಇರುತ್ತದೆ, ತಪ್ಪಿದರೆ ಮುಂದಿನ ವರ್ಷವೇ.

ಪಿಸಿಓಎಸ್‌ಗೆ ನೇರವಾಗಿ ಉಪಯೋಗಕ್ಕೆ ಬರುವುದು ಕಾರ್ಮಿಕರ ಸರ್ಕಾರಿ ವಿಮೆಯಾದ ಇಎಸ್‌ಐ, ಮತ್ತು ಇದನ್ನು ಮರೆತಿರುವವರೇ ಹೆಚ್ಚು. ಗಾರ್ಮೆಂಟ್ಸ್‌ನಲ್ಲಿ, ಫ್ಯಾಕ್ಟರಿಯಲ್ಲಿ, ಶೋರೂಮಿನಲ್ಲಿ ಕೆಲಸ ಮಾಡುವವರು ಸಂಬಳದ ಚೀಟಿ ತೆಗೆದು ನೋಡಿ. ಶೇ 0.75 ಇಎಸ್‌ಐಗೆ ಅಂತ ಹಿಡಿದಿದ್ದರೆ ನಿಮಗೆ ವಿಮೆ ಇದೆ! ಅದರಲ್ಲಿ ಹೊರರೋಗಿ ಚಿಕಿತ್ಸೆ, ಔಷಧಿ ಎರಡೂ ಸೇರಿವೆ. ಅಪ್ಪನಿಗೋ ಅಮ್ಮನಿಗೋ ಇಎಸ್‌ಐ ಇದ್ದರೆ ಮದುವೆಯಾಗದ ಮಗಳಿಗೂ ಸಿಗುತ್ತದೆ, ಕಾರ್ಡಿನಲ್ಲಿ ಹೆಸರು ಸೇರಿಸಿರಬೇಕು ಅಷ್ಟೆ. ಇನ್ನು ದೊಡ್ಡ ಕಾಫಿ ಎಸ್ಟೇಟಿನ ಕೆಲಸಗಾರರಿಗೆ ವೈದ್ಯಕೀಯ ಸೌಲಭ್ಯ ಕೊಡಬೇಕು ಅನ್ನುವ ನಿಯಮ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯ ಕಾಲದಿಂದ ಬಂದದ್ದು. ತೋಟದ ರೈಟರ್ ಹತ್ತಿರ ಏನು ಸಿಗುತ್ತದೆ ಅಂತ ಕೇಳಿ.

ಮಾತ್ರೆ ಕಡಿಮೆಗೆ ಎಲ್ಲಿ ಸಿಗುತ್ತೆ?

ಮೊದಲು ಆಸ್ಪತ್ರೆಯ ಔಷಧಿ ಕೌಂಟರಿನಲ್ಲೇ ಕೇಳಿ. ಪಿಸಿಓಎಸ್‌ಗೂ ಕೊಡುವ ಮೆಟ್‌ಫಾರ್ಮಿನ್ ಶುಗರ್‌ನವರಿಗೆ ಅಂತ ಸರ್ಕಾರಿ ಆಸ್ಪತ್ರೆಗಳಿಗೆ ಬರುತ್ತಲೇ ಇರುತ್ತದೆ. ಅಲ್ಲಿ ಇಲ್ಲದಿದ್ದರೆ ಜನೌಷಧಿ ಕೇಂದ್ರ. ಜನೌಷಧಿ ಸುಗಮ್ ಅನ್ನುವ ಆ್ಯಪ್‌ನಲ್ಲಿ ಹತ್ತಿರದ ಅಂಗಡಿ, ಔಷಧಿಯ ಬೆಲೆ ಎರಡೂ ಸಿಗುತ್ತವೆ. ಡಾಕ್ಟರ್ ಹತ್ತಿರ "ಕಂಪನಿ ಹೆಸರು ಬೇಡ, ಔಷಧಿಯ ಹೆಸರೇ ಬರೆದುಕೊಡಿ" ಅಂತ ಕೇಳಿಕೊಳ್ಳಿ, ಇಲ್ಲದಿದ್ದರೆ ಚೀಟಿ ಹಿಡಿದುಕೊಂಡು ಹೋದರೂ ಆ ಹೆಸರಿನದು ಇಲ್ಲ ಅಂತ ವಾಪಸು ಬರಬೇಕಾಗುತ್ತದೆ.

ಒಂದು ಎಚ್ಚರಿಕೆ. ಮಾತ್ರೆ ಮುಗಿದ ಮೇಲೆ ಖಾಲಿ ಸ್ಟ್ರಿಪ್ ತೋರಿಸಿ ಮೆಡಿಕಲ್‌ನಲ್ಲಿ ಮತ್ತೆ ಮತ್ತೆ ತರುವುದು ನಮ್ಮಲ್ಲಿ ಅಭ್ಯಾಸ. ಹಾರ್ಮೋನ್ ಮಾತ್ರೆಗಳಿಗೆ ಇದು ಬೇಡ. ಬಿಪಿ ನೋಡದೆ ಎರಡು ವರ್ಷ ನುಂಗಿದವರನ್ನು ಕಂಡಿದ್ದೇನೆ.

ಮೆಟ್‌ಫಾರ್ಮಿನ್ ಶುಗರ್ ಮಾತ್ರೆ ಅಲ್ವಾ? ನನಗೆ ಶುಗರ್ ಇಲ್ಲ.

ಪಿಸಿಓಎಸ್‌ನಲ್ಲಿ ಹೆಚ್ಚಿನವರಿಗೆ ಇನ್ಸುಲಿನ್ ಇದ್ದರೂ ದೇಹ ಅದರ ಮಾತು ಸರಿಯಾಗಿ ಕೇಳುವುದಿಲ್ಲ. ಆಗ ದೇಹ ಇನ್ನೂ ಜಾಸ್ತಿ ಇನ್ಸುಲಿನ್ ಮಾಡುತ್ತದೆ, ಆ ಜಾಸ್ತಿ ಇನ್ಸುಲಿನ್ ಅಂಡಾಶಯಕ್ಕೆ ಹೇಳಿ ಗಂಡು ಹಾರ್ಮೋನ್ ಹೆಚ್ಚು ಮಾಡಿಸುತ್ತದೆ, ಅಂಡ ಬಿಡುಗಡೆ ಆಗದೆ ಮುಟ್ಟು ತಪ್ಪುತ್ತದೆ. ಮೆಟ್‌ಫಾರ್ಮಿನ್ ಹಿಡಿಯುವುದು ಈ ಸರಪಳಿಯ ಮೊದಲ ಕೊಂಡಿಯನ್ನು.

ಶುರುವಿನ ಕೆಲವು ವಾರ ಹೊಟ್ಟೆ ತೊಳಸುವುದು, ಭೇದಿ ಆಗಬಹುದು. ಊಟದ ಜೊತೆಗೋ ಊಟವಾದ ಕೂಡಲೇನೋ ತಗೊಂಡರೆ, ಕಡಿಮೆಯಿಂದ ಶುರು ಮಾಡಿ ನಿಧಾನಕ್ಕೆ ಏರಿಸಿದರೆ ತಡೆಯುತ್ತದೆ. ಆಗದಿದ್ದರೆ ಎಸ್‌ಆರ್ ಅಂತ ಬರುವ, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಕೇಳಿ. ಎರಡು ದಿನಕ್ಕೇ ಬಿಟ್ಟುಬಿಡಬೇಡಿ. ವರ್ಷಗಟ್ಟಲೆ ತಗೊಳ್ಳುವವರಿಗೆ ಬಿ12 ಕಡಿಮೆಯಾಗಬಹುದು. ಮಾಂಸ ಮೊಟ್ಟೆ ತಿನ್ನದ ಮನೆಯವರು ಇದನ್ನು ಡಾಕ್ಟರಿಗೆ ನೆನಪಿಸಿ.

ಇನ್ನೂ ಮದುವೆ ಆಗಿಲ್ಲ. ಗರ್ಭನಿರೋಧಕ ಮಾತ್ರೆ ಕೊಟ್ಟಿದ್ದಾರೆ. ಮನೆಯಲ್ಲಿ ಗಲಾಟೆ.

ಈ ಗಲಾಟೆ ಬಹಳ ಮನೆಗಳಲ್ಲಿ ಆಗಿದೆ. ಅಮ್ಮನಿಗೆ ಹೀಗೆ ಹೇಳಿ: ಇದು ಮುಟ್ಟನ್ನು ತಿಂಗಳಿಗೆ ಸರಿಯಾಗಿ ತರಿಸುವ, ಮೊಡವೆ, ಕೂದಲು ಕಡಿಮೆ ಮಾಡುವ ಹಾರ್ಮೋನ್ ಮಾತ್ರೆ. ಮುಂದೆ ಮಕ್ಕಳಾಗುವುದಕ್ಕೆ ಇದರಿಂದ ಅಡ್ಡಿಯಿಲ್ಲ. ಆದರೂ ಒಪ್ಪದಿದ್ದರೆ ಅಮ್ಮನನ್ನೇ ಕರೆದುಕೊಂಡು ಹೋಗಿ, ಡಾಕ್ಟರ ಬಾಯಲ್ಲೇ ಕೇಳಿಸಿ.

ಖರ್ಚಿನ ವಿಷಯ. ಅಂಗಡಿಯಲ್ಲಿ ದುಬಾರಿ ಪ್ಯಾಕ್‌ಗಳಿವೆ. ಪಿಸಿಓಎಸ್‌ಗೆ ಇಂಥದ್ದೇ ಮಾತ್ರೆ ಮೇಲು ಅಂತ ಹೇಳುವಷ್ಟು ಪುರಾವೆ ಇಲ್ಲ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಕೊಡುವ ಮಾಲಾ-ಎನ್‌ನಲ್ಲಿ ಇರುವುದು ಲೆವೊನಾರ್ಜೆಸ್ಟ್ರೆಲ್ ಮತ್ತು ಎಥಿನೈಲ್ ಎಸ್ಟ್ರಡಯಾಲ್. 28 ಮಾತ್ರೆಯ ಹಾಳೆ, 21 ಹಾರ್ಮೋನ್, ಉಳಿದ 7 ಬೇರೆ ಬಣ್ಣದ ಕಬ್ಬಿಣಾಂಶದ ಮಾತ್ರೆ. "ನನಗೆ ಮಾಲಾ-ಎನ್ ಆಗುತ್ತಾ?" ಅಂತ ಡಾಕ್ಟರನ್ನು ನೇರವಾಗಿ ಕೇಳಿ. ಅದೇ ಕೌಂಟರಿನಲ್ಲಿ ಛಾಯಾ ಅನ್ನುವ ವಾರದ ಮಾತ್ರೆಯೂ ಸಿಗುತ್ತದೆ. ಅದು ಬೇರೆ ಔಷಧಿ, ಪಿಸಿಓಎಸ್ ಇರುವವರಿಗೆ ಸಲ್ಲದು. ಎರಡೂ ಪುಕ್ಕಟೆ ಅಂತ ಒಂದರ ಬದಲು ಇನ್ನೊಂದು ತರಬೇಡಿ.

ಬಿಪಿ ಜಾಸ್ತಿ ಇರುವವರು, ತಲೆನೋವು ಬರುವ ಮೊದಲು ಕಣ್ಣಮುಂದೆ ಮಿಂಚು, ಅಂಕುಡೊಂಕು ಗೆರೆ ಕಾಣುವ ಮೈಗ್ರೇನ್ ಇರುವವರು, ತಮಗೋ ಮನೆಯವರಿಗೋ ರಕ್ತ ಹೆಪ್ಪುಗಟ್ಟಿದ್ದವರು ಇದನ್ನು ಮೊದಲೇ ಹೇಳಲೇಬೇಕು. ಅಂಥವರಿಗೆ ಈ ಮಾತ್ರೆ ಅಪಾಯವಾಗಬಹುದು.

ನಾಲ್ಕು ತಿಂಗಳಾಯ್ತು, ಮುಟ್ಟಾಗಿಲ್ಲ. ತೊಂದರೆ ಏನೂ ಇಲ್ಲ, ಹಾಯಾಗಿದ್ದೀನಿ. ಬಿಡಬಹುದಾ?

ಬಿಡಬೇಡಿ. ಇಡೀ ಬರಹದಲ್ಲಿ ಒಂದೇ ಒಂದು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಅಂಡ ಬಿಡುಗಡೆಯಾಗದ ತಿಂಗಳುಗಳಲ್ಲಿ ಗರ್ಭಕೋಶದ ಒಳಪದರ ಬೆಳೆಯುತ್ತಲೇ ಇರುತ್ತದೆ, ಉದುರಿ ಹೋಗುವುದಿಲ್ಲ. ವರ್ಷಗಟ್ಟಲೆ ಹೀಗೇ ಆದರೆ ಆ ಪದರದಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಹೆದರುವಷ್ಟು ದೊಡ್ಡ ಸಂಖ್ಯೆ ಅಲ್ಲ, ಆದರೆ ಸುಲಭವಾಗಿ ತಡೆಯಬಹುದಾದ್ದನ್ನು ಯಾಕೆ ಬಿಡಬೇಕು? ಮೂರು ತಿಂಗಳು ದಾಟಿತು ಅಂದರೆ ಡಾಕ್ಟರನ್ನು ನೋಡಿ. ಗರ್ಭವಿಲ್ಲ ಅಂತ ಖಾತ್ರಿ ಮಾಡಿಕೊಂಡು ಕೆಲವು ದಿನದ ಪ್ರೊಜೆಸ್ಟರಾನ್ ಥರದ ಮಾತ್ರೆ ಕೊಡುತ್ತಾರೆ, ನಿಲ್ಲಿಸಿದ ಮೇಲೆ ಮುಟ್ಟಾಗುತ್ತದೆ. ದುಡ್ಡಿಲ್ಲದ ತಿಂಗಳಲ್ಲಿ ಬೇರೆ ಏನನ್ನು ಮುಂದೂಡಿದರೂ ಇದನ್ನು ಮುಂದೂಡಬೇಡಿ.

ಹಾಸನಾಂಬ ದರ್ಶನಕ್ಕೆ ಅಂತ ಮುಟ್ಟು ಮುಂದೂಡೋ ಮಾತ್ರೆ ತಗೋತೀನಿ. ಪರವಾಗಿಲ್ವಾ?

ವರ್ಷಕ್ಕೊಮ್ಮೆ ಬಾಗಿಲು ತೆಗೆಯುವ ದೇವಸ್ಥಾನ, ಆಸೆ ಅರ್ಥವಾಗುತ್ತದೆ. ಆದರೆ ಮೆಡಿಕಲ್‌ನಲ್ಲಿ ಕೇಳಿದ ಕೂಡಲೇ ಕೊಡುವ ಆ ಮಾತ್ರೆಯೂ ಹಾರ್ಮೋನೇ. ಮೊದಲೇ ಹೆಚ್ಚುಕಮ್ಮಿಯಾಗಿರುವ ಮುಟ್ಟಿನಲ್ಲಿ ಯಾವತ್ತು ಶುರು ಮಾಡಬೇಕು ಅನ್ನುವುದೇ ಗೊತ್ತಾಗುವುದಿಲ್ಲ. ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿರುವವರಂತೂ ಇನ್ನೊಂದು ಸೇರಿಸಬೇಡಿ. ದರ್ಶನಕ್ಕೆ ಒಂದು ತಿಂಗಳು ಮೊದಲೇ ಡಾಕ್ಟರನ್ನು ಕೇಳಿ.

ಅನ್ನ ಬಿಟ್ಟು ಮುದ್ದೆ ತಿಂದರೆ ಸಾಕಾ?

ಮುದ್ದೆ ಒಳ್ಳೆಯದು, ಆದರೆ ಅದೂ ಪಿಷ್ಟವೇ. ಎರಡು ದೊಡ್ಡ ಮುದ್ದೆ, ಜೊತೆಗೆ ತೆಳ್ಳನೆ ಸಾರು ಅಂದರೆ ಲಾಭವಿಲ್ಲ. ಪಿಸಿಓಎಸ್‌ಗೆ ಅಂತ ವಿಶೇಷವಾದ ಒಂದು ಪಥ್ಯ ಇಲ್ಲ. ಓಟ್ಸ್, ಕಿನೋವಾ, ಬಾದಾಮಿ ಹಾಲು ಯಾವುದೂ ಬೇಕಿಲ್ಲ. ತಟ್ಟೆಯಲ್ಲಿ ಕಾಳು, ಸೊಪ್ಪು, ತರಕಾರಿ ಜಾಸ್ತಿಯಾಗಬೇಕು, ಅನ್ನ, ಮುದ್ದೆ, ರೊಟ್ಟಿ ಕಡಿಮೆಯಾಗಬೇಕು. ಒಂದು ಚಿಕ್ಕ ಮುದ್ದೆ, ದೊಡ್ಡ ಬಟ್ಟಲು ಹುರುಳಿಕಾಳು ಬಸ್ಸಾರು, ಆ ಬಸಿದ ಕಾಳು ಸೊಪ್ಪಿನ ಪಲ್ಯ ತಟ್ಟೆಯ ಅರ್ಧ. ಅವರೆಕಾಳಿನ ಕಾಲದಲ್ಲಿ ಅವರೆಕಾಳು, ಬೇಸಿಗೆಯಲ್ಲಿ ಮೊಳಕೆ ಹೆಸರುಕಾಳು. ಅಕ್ಕಿರೊಟ್ಟಿಯಾದರೆ ಹಿಟ್ಟಿಗೆ ಸಬ್ಬಸಿಗೆ, ನುಗ್ಗೆಸೊಪ್ಪು ಧಾರಾಳ ಹಾಕಿ, ಒಂದಕ್ಕೆ ನಿಲ್ಲಿಸಿ. ಹಾಸನದ ಆಲೂಗಡ್ಡೆ ರುಚಿಯೇ, ಆದರೆ ಆಲೂಗಡ್ಡೆ ಪಲ್ಯವನ್ನು ತರಕಾರಿ ಲೆಕ್ಕಕ್ಕೆ ಹಿಡಿಯಬೇಡಿ, ಅನ್ನದ ಲೆಕ್ಕಕ್ಕೆ ಹಿಡಿಯಿರಿ. ಮೊಟ್ಟೆ, ಮೀನು ತಿನ್ನುವವರಿಗೆ ಇನ್ನೂ ಸುಲಭ.

ನಮ್ಮ ಕಡೆ ನಿಜವಾದ ಸಮಸ್ಯೆ ಕಾಫಿಯಲ್ಲಿದೆ. ಕಾಫಿಯದೇ ತಪ್ಪಲ್ಲ, ಸಕ್ಕರೆಯದು. ಬೆಳಿಗ್ಗೆ ಎದ್ದಾಗ ಒಂದು, ತಿಂಡಿಯ ಜೊತೆ ಒಂದು, ಯಾರಾದರೂ ಬಂದರೆ ಒಂದು, ಸಂಜೆ ಒಂದು, ಪ್ರತಿ ಲೋಟಕ್ಕೂ ಎರಡೆರಡು ಚಮಚ. ಬೆಲ್ಲ ಹಾಕಿದರೂ ರಕ್ತದ ಸಕ್ಕರೆಗೆ ಅಷ್ಟೇನೂ ವ್ಯತ್ಯಾಸವಿಲ್ಲ. ಎರಡು ವಾರಕ್ಕೊಮ್ಮೆ ಅರ್ಧ ಚಮಚ ಇಳಿಸುತ್ತಾ ಬನ್ನಿ, ನಾಲಿಗೆ ಒಗ್ಗುತ್ತದೆ.

ತೂಕ ಜಾಸ್ತಿ ಇರುವವರು ಶೇ 5ರಿಂದ 10ರಷ್ಟು ಇಳಿಸಿದರೂ ಮುಟ್ಟು ಸುಧಾರಿಸಬಹುದು. 70 ಕೆಜಿ ಇದ್ದರೆ ಮೂರೂವರೆಯಿಂದ ಏಳು ಕೆಜಿ. ಇಳಿಯದಿದ್ದರೂ ಊಟ, ನಡಿಗೆಯ ಲಾಭ ಇದ್ದೇ ಇದೆ. "ದಪ್ಪಗಿದ್ದೀಯಾ, ಅದಕ್ಕೇ ಬಂತು" ಅನ್ನುವ ಮಾತಿಗೆ ಕಿವಿ ಕೊಡಬೇಡಿ. ತೆಳ್ಳಗಿರುವವರಿಗೂ ಇದು ಬರುತ್ತದೆ, ಮತ್ತು ಈ ಕಾಯಿಲೆ ಇರುವಾಗ ತೂಕ ಇಳಿಸುವುದೂ ಕಷ್ಟ.

ಜಿಮ್ಮಿಗೆ ಹೋಗೋಕೆ ದುಡ್ಡಿಲ್ಲ. ಮನೆಕೆಲಸ, ತೋಟದ ಕೆಲಸ ವ್ಯಾಯಾಮ ಆಗಲ್ವಾ?

ಏದುಸಿರು ಬರುವಷ್ಟು ಆದರೆ ಆಗುತ್ತದೆ. ಕಾಫಿ ಹಣ್ಣು ಕೊಯ್ದು ಮೂಟೆ ಹೊತ್ತು ಇಳಿಜಾರು ಹತ್ತಿ ಬಂದವರಿಗೆ ಯಾರೂ ವ್ಯಾಯಾಮದ ಪಾಠ ಹೇಳಬೇಕಿಲ್ಲ, ಅವರಿಗೆ ಬೇಕಾದ್ದು ಒಳ್ಳೆ ಊಟ, ನಿದ್ದೆ. ಹೊಲಿಗೆ ಯಂತ್ರದ ಮುಂದೆ, ಅಂಗಡಿ ಗಲ್ಲಾದಲ್ಲಿ, ಕಂಪ್ಯೂಟರ್ ಎದುರು ಕೂರುವವರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಬೇಕು. ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕೆಲಸ: ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ, ನೀರು ತುಂಬಿದ ಬಾಟಲಿ ಎತ್ತುವುದು. ಮೂಡಿಗೆರೆ, ಸಕಲೇಶಪುರದ ಮಳೆಗಾಲದಲ್ಲಿ ಹೊರಗೆ ಕಾಲಿಡಲು ಆಗುವುದಿಲ್ಲ, ಆಗ ಜಗಲಿಯಲ್ಲೇ ಸೂರ್ಯ ನಮಸ್ಕಾರ.

ಇನೋಸಿಟಾಲ್ ಸ್ಯಾಚೆಟ್, ನಾಟಿ ಔಷಧಿ, ಕಷಾಯ?

ಇನೋಸಿಟಾಲ್ ಅಂದರೆ ಪಿಸಿಓಎಸ್‌ಗೆ ಅಂತ ಮಾರುವ ಪೂರಕ ಪುಡಿ. ಅದರಿಂದ ದೊಡ್ಡ ಹಾನಿ ಇಲ್ಲ, ದೊಡ್ಡ ಲಾಭಕ್ಕೆ ಪುರಾವೆಯೂ ಕಡಿಮೆ. ಕೈಯಲ್ಲಿ ದುಡ್ಡು ಕಡಿಮೆ ಇರುವವರು ಅದರ ಬದಲು ಕಾಳು, ಮೊಟ್ಟೆ ತನ್ನಿ ಅನ್ನುತ್ತೇನೆ. ಮೆಂತ್ಯ, ಜೀರಿಗೆ ಕಷಾಯ ಕುಡಿಯುವುದು ನಿಮ್ಮಿಷ್ಟ, ಆದರೆ ಅದನ್ನು ನಂಬಿ ಮಾತ್ರೆ ಬಿಡಬೇಡಿ. ಏನಿದೆ ಅಂತ ಬರೆಯದ ಪುಡಿ, ಗುಳಿಗೆ ಯಾರೇ ಕೊಟ್ಟರೂ ಬೇಡ.

ಗಲ್ಲದ ಕೂದಲು, ಕತ್ತಿನ ಕಪ್ಪು ಹೋಗುತ್ತಾ?

ಕತ್ತಿನ ಹಿಂದೆ, ಸರದ ಕೆಳಗೆ, ಕಂಕುಳಲ್ಲಿ ಮಖಮಲ್ಲಿನ ಹಾಗೆ ಕಪ್ಪಾಗುವುದು ಕೊಳೆಯಲ್ಲ. ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ಉಜ್ಜಿ ಉಜ್ಜಿ ಚರ್ಮ ಉರಿಸಿಕೊಂಡ ಹುಡುಗಿಯರಿದ್ದಾರೆ. ಅದು ಇನ್ಸುಲಿನ್ ಜಾಸ್ತಿ ಇರುವ ಗುರುತು, ಶುಗರ್ ಪರೀಕ್ಷೆ ಮಾಡಿಸಿ. ಒಳಗೆ ಸರಿಹೋದ ಹಾಗೆ ನಿಧಾನಕ್ಕೆ ತಿಳಿಯಾಗುತ್ತದೆ.

ಕೂದಲಿಗೆ ಥ್ರೆಡಿಂಗ್, ಶೇವಿಂಗ್ ಯಾವುದಾದರೂ ಸರಿ. ಶೇವ್ ಮಾಡಿದರೆ ದಪ್ಪಗೆ ಬರುತ್ತದೆ ಅನ್ನುವುದು ಸುಳ್ಳು. ಹಾರ್ಮೋನ್ ಮಾತ್ರೆಯ ಪರಿಣಾಮ ಕೂದಲಿನ ಮೇಲೆ ಕಾಣಲು ಆರು ತಿಂಗಳಾದರೂ ಬೇಕು. ಆಮೇಲೂ ಸಾಲದಿದ್ದರೆ ಗಂಡು ಹಾರ್ಮೋನಿನ ಕೆಲಸ ತಡೆಯುವ ಸ್ಪೈರನೊಲ್ಯಾಕ್ಟೋನ್ ಮಾತ್ರೆ ಸೇರಿಸುತ್ತಾರೆ. ಅದನ್ನು ತಗೊಳ್ಳುವಾಗ ಗರ್ಭ ನಿಲ್ಲಬಾರದು, ಮಗುವಿಗೆ ಅಪಾಯ. ಲೇಸರ್‌ಗೆ ಸಾಲ ಮಾಡಬೇಡಿ. ಹಾರ್ಮೋನ್ ಹತೋಟಿಗೆ ಬರದೆ ಲೇಸರ್ ಮಾಡಿಸಿದರೆ ಮತ್ತೆ ಬೆಳೆಯುತ್ತದೆ.

ಮಕ್ಕಳಾಗುತ್ತವಾ?

ಹೆಚ್ಚಿನವರಿಗೆ ಆಗುತ್ತವೆ, ಕೆಲವರಿಗೆ ಸ್ವಲ್ಪ ಔಷಧಿಯ ಸಹಾಯ ಬೇಕಾಗುತ್ತದೆ. ಮೊದಲ ಆಯ್ಕೆ ಅಂಡ ಬಿಡುಗಡೆ ಮಾಡಿಸುವ ಲೆಟ್ರೊಜೋಲ್ ಮಾತ್ರೆ, ತಿಂಗಳಲ್ಲಿ ಐದು ದಿನ. 2011ರಲ್ಲಿ ಬಂಜೆತನದ ಚಿಕಿತ್ಸೆಗೆ ಇದನ್ನು ನಮ್ಮ ದೇಶದಲ್ಲಿ ನಿಷೇಧಿಸಿದ್ದರು, 2017ರಲ್ಲಿ ನಿಷೇಧ ತೆಗೆದರು. ಹಾಗಾಗಿ ಹಳೆಯ ಮಾತು ಕೇಳಿ ಹೆದರಬೇಡಿ. ಐವಿಎಫ್ ಅಂತ ಬೆಂಗಳೂರಿಗೆ ಓಡುವ ಮೊದಲು ಇದನ್ನು ಕೆಲವು ತಿಂಗಳು ಮಾಡಿ ನೋಡುವುದೇ ಕ್ರಮ. ಅದಕ್ಕೂ ಮೊದಲು ಗಂಡನ ವೀರ್ಯ ಪರೀಕ್ಷೆ ಆಗಲಿ. ಹೆಂಡತಿಗೆ ಪಿಸಿಓಎಸ್ ಅಂತ ಗೊತ್ತಾದ ಕೂಡಲೇ ಎಲ್ಲ ತಪ್ಪು ಅವಳ ತಲೆಗೆ ಕಟ್ಟಿ, ಗಂಡನಿಗೆ ಒಂದು ಸಾಮಾನ್ಯ ಪರೀಕ್ಷೆಯನ್ನೂ ಮಾಡಿಸದ ಮನೆಗಳನ್ನು ನೋಡಿ ನನಗೆ ಬಹಳ ಬೇಸರವಾಗಿದೆ.

ಮಗು ಬೇಡದವರು ಮುಟ್ಟು ಸರಿಯಿಲ್ಲ ಅಂತ ನೆಚ್ಚಿಕೊಂಡು ಇರಬೇಡಿ. ಯಾವ ತಿಂಗಳು ಅಂಡ ಬಿಡುಗಡೆಯಾಗುತ್ತದೆ ಅಂತ ಹೇಳಲಾಗದು, ಮೆಟ್‌ಫಾರ್ಮಿನ್ ಶುರು ಮಾಡಿದ ಮೇಲಂತೂ ಇನ್ನೂ ಸಾಧ್ಯತೆ ಹೆಚ್ಚು. ಗರ್ಭ ನಿಂತರೆ ಪಿಸಿಓಎಸ್ ಇದೆ ಅಂತ ಮೊದಲ ಭೇಟಿಯಲ್ಲೇ ಹೇಳಿ, ಶುಗರ್ ಬೇಗ ನೋಡುತ್ತಾರೆ.

ಗುಳ್ಳೆ ತೆಗೆಯಲು ಆಪರೇಷನ್ ಬೇಕಾ?

ಬೇಡ. ಅವು ಗಡ್ಡೆಗಳಲ್ಲ, ಪೂರ್ತಿ ಬೆಳೆಯದೆ ನಿಂತ ಅಂಡದ ಚೀಲಗಳು, ಒಂದೊಂದೂ ಕೆಲವೇ ಮಿಲಿಮೀಟರ್. ಗರ್ಭಕೋಶ ತೆಗೆಸುವುದಂತೂ ಇದಕ್ಕೆ ಚಿಕಿತ್ಸೆಯೇ ಅಲ್ಲ. ಯಾರಾದರೂ ಹಾಗೆ ಹೇಳಿದರೆ ಜಿಲ್ಲಾ ಆಸ್ಪತ್ರೆಯಲ್ಲಿ ಇನ್ನೊಬ್ಬರನ್ನು ಕೇಳದೆ ಒಪ್ಪಬೇಡಿ.

ಈಗ ವಿಮೆ ಮಾಡಿಸಿದರೆ ಕೊಡ್ತಾರಾ?

ಕೊಡುತ್ತಾರೆ, ಆದರೆ ಪಿಸಿಓಎಸ್ ಇದೆ ಅಂತ ಅರ್ಜಿಯಲ್ಲಿ ಬರೆಯಲೇಬೇಕು. ಮುಚ್ಚಿಟ್ಟರೆ ಮುಂದೆ ಬೇರೆ ಕಾಯಿಲೆಯ ಕ್ಲೇಮಿಗೂ ತಕರಾರು ಬರಬಹುದು. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 2024ರ ನಿಯಮದಂತೆ ಹೆಚ್ಚೆಂದರೆ ಮೂರು ವರ್ಷ. ಬಂಜೆತನದ ಚಿಕಿತ್ಸೆಯನ್ನು ಹೆಚ್ಚಿನ ಪಾಲಿಸಿಗಳು ಹೊರಗಿಡುತ್ತವೆ, ಓದಿ ನೋಡಿ. ಅಪಘಾತ, ದೊಡ್ಡ ಕಾಯಿಲೆಗೆ ಅಂತ ಮಾಡಿಸಿ. ಪಿಸಿಓಎಸ್ ಖರ್ಚು ಭರಿಸುತ್ತದೆ ಅಂತ ಮಾಡಿಸಬೇಡಿ.

ಸುಮ್ಮಸುಮ್ಮನೆ ಅಳು ಬರುತ್ತೆ, ಯಾರ ಹತ್ರ ಹೇಳಲಿ?

ಪಿಸಿಓಎಸ್ ಇರುವವರಲ್ಲಿ ಖಿನ್ನತೆ, ಆತಂಕ ಎರಡೂ ಜಾಸ್ತಿ. ಇದು ನಿಮ್ಮ ಮನಸ್ಸಿನ ದೌರ್ಬಲ್ಯ ಅಲ್ಲ. ಮುಟ್ಟಿನ ಬಗ್ಗೆ ಹೇಳುವಾಗಲೇ ಡಾಕ್ಟರಿಗೆ ಇದನ್ನೂ ಹೇಳಿ. 14416 ಟೆಲಿ ಮಾನಸ್ ಸಹಾಯವಾಣಿ, ಪುಕ್ಕಟೆ, ಯಾವ ಹೊತ್ತಿನಲ್ಲಾದರೂ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ.

ಯಾವಾಗ ಕಾಯದೆ ಓಡಬೇಕು?

ಹಾರ್ಮೋನ್ ಮಾತ್ರೆ ತಗೊಳ್ಳುತ್ತಿರುವಾಗ ಒಂದೇ ಕಾಲು ಊದಿ ನೋವು, ಎದೆನೋವು, ಉಸಿರಾಡಲು ಕಷ್ಟ, ಹಿಂದೆಂದೂ ಬರದಂಥ ತಲೆನೋವು, ಮಾತು ತೊದಲುವುದು, ಕಣ್ಣು ಮಂಜಾಗುವುದು ಆದರೆ ಕೂಡಲೇ ಆಸ್ಪತ್ರೆಗೆ ಹೋಗಿ, ಗಾಡಿ ಸಿಗದಿದ್ದರೆ 108. ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ ಹೋದರೆ, ಮುಟ್ಟು ತಪ್ಪಿದವರಿಗೆ ಇದ್ದಕ್ಕಿದ್ದಂತೆ ಒಂದು ಕಡೆ ಜೋರು ಹೊಟ್ಟೆನೋವು ಬಂದರೆ ಅದೂ ಹಾಗೇ. ಕೆಲವೇ ತಿಂಗಳಲ್ಲಿ ಮೈಮೇಲೆಲ್ಲ ಕೂದಲು ಬಂದು ದನಿ ಗಡಸಾದರೆ ಅದು ಪಿಸಿಓಎಸ್ ಅಲ್ಲದೇ ಇರಬಹುದು, ಆ ವಾರವೇ ಹಿಮ್ಸ್‌ಗೋ ಜಿಲ್ಲಾಸ್ಪತ್ರೆಗೋ ಹೋಗಿ, ಕೂದಲು ಯಾವಾಗ ಶುರುವಾಯಿತು ಅನ್ನುವುದನ್ನು ಡಾಕ್ಟರಿಗೆ ಮೊದಲು ಹೇಳಿ.